ನೀರು ತುಂಬುವ ಹಬ್ಬಕ್ಕೆ ತೊಳೆದ ಹವಳದ ಕಲ್ಲು

ಆಂಟಿಗೆ ಉಸಿರು ಸಿಗದೆ ಹೋದ ಆ ಮಧ್ಯಾಹ್ನದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೀನಿನಿಂದ ಶುರು ಮಾಡುತ್ತೇನೆ. ಕೇಳುವವರಿಗೆ ತಾಳ್ಮೆ ಇರುವುದಿಲ್ಲ. ಆದರೆ ಮೀನನ್ನು ಬಿಟ್ಟು ಹೇಳಿದರೆ, ಅಷ್ಟು ಎಚ್ಚರದಿಂದ ಮನೆ ನಡೆಸುವ ಹೆಂಗಸು ತನ್ನದೇ ಗ್ಯಾರೇಜಿನಲ್ಲಿ ಕೂತು ವಿಷದ ಹಬೆಯನ್ನು ಹೇಗೆ ಎಳೆದುಕೊಂಡರು ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ನಾನು ಹ್ಯೂಸ್ಟನ್ ಸುತ್ತಮುತ್ತಲ ಮನೆಗಳಿಗೆ ಹೋಗಿ ಉಪ್ಪುನೀರಿನ ಅಕ್ವೇರಿಯಂಗಳನ್ನು ನೋಡಿಕೊಳ್ಳುತ್ತೇನೆ. ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿದ್ದು ಇಲ್ಲಿ ಹೀಗೆ ಉಪಯೋಗಕ್ಕೆ ಬಂತು. ಶುಗರ್ ಲ್ಯಾಂಡಿನ ಆ ಮನೆ ಧಾರವಾಡ ಕಡೆಯ ದಂಪತಿಯದು. ಅಂಕಲ್ ತೈಲ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದು ನಿವೃತ್ತರಾದವರು. ಆಸ್ತಮಾ ಇರುವುದರಿಂದ ಇನ್‌ಹೇಲರ್ ಸದಾ ಜೇಬಿನಲ್ಲಿರುತ್ತದೆ. ಅಕ್ವೇರಿಯಂ ಅವರ ಮಗಳದು. ಅವಳು ಹೈಸ್ಕೂಲಿನಲ್ಲಿದ್ದಾಗ ಕಟ್ಟಿಕೊಂಡದ್ದು. ಅವಳು ಓದು ಮುಗಿಸಿ ಆಸ್ಟಿನ್ನಿಗೆ ಶಿಫ್ಟ್ ಆಗಿ, ಅಲ್ಲಿನ ದ ಡೊಮೇನ್ ಎಂಬ ಬಡಾವಣೆಯ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಟ್ಯಾಂಕು ತಾಯಿಯ ಪಾಲಿಗೆ ಬಂತು. ಊಟದ ಮೇಜಿನ ಪಕ್ಕದ ಗೋಡೆಯ ಉದ್ದಕ್ಕೂ ಅದು ನಿಂತಿತ್ತು. ಅದರೊಳಗೆ ಹವಳ ಬೆಳೆದ ಕಲ್ಲುಗಳು, ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಒಂದಿಷ್ಟು ಪುಟ್ಟ ಮೀನುಗಳು, ಮತ್ತು ಅಂಗೈ ಅಗಲದ ಒಂದು ನೀಲಿ ಟ್ಯಾಂಗ್. ಆ ನೀಲಿ ಮೀನಿಗೆ ಆಂಟಿ ನೀಲವ್ವ ಎಂದು ಹೆಸರಿಟ್ಟಿದ್ದರು. ಮಗಳು ಹೋದ ಮೇಲೆ ಮಧ್ಯಾಹ್ನದ ಊಟವನ್ನು ಅವರು ನೀಲವ್ವನ ಎದುರಿನ ಕುರ್ಚಿಯಲ್ಲೇ ಮಾಡುತ್ತಿದ್ದರು.

ಗಣೇಶನ ಹಬ್ಬದ ವಾರಾಂತ್ಯಕ್ಕೆ ಅವರ ಮನೆಗೆ ಡಲ್ಲಾಸ್ ಪಕ್ಕದ ಲಿಟಲ್ ಎಲ್ಮ್‌ನಿಂದ ಸ್ನೇಹಿತರು ಬಂದರು. ಅವರು ಮನೆ ಬದಲಾಯಿಸುತ್ತಿದ್ದರು, ತಮ್ಮ ಅಕ್ವೇರಿಯಂ ತೆಗೆದುಬಿಟ್ಟಿದ್ದರು. ಉಳಿದಿದ್ದ ಒಂದು ಹಳದಿ ಮೀನನ್ನು ಪಿಕ್ನಿಕ್ ಡಬ್ಬಿಯಲ್ಲಿಟ್ಟು, ಬ್ಯಾಟರಿ ಪಂಪಿನಿಂದ ಗಾಳಿ ಕೊಡುತ್ತಾ, ಅಷ್ಟು ದೂರ ಡ್ರೈವ್ ಮಾಡಿಕೊಂಡು ತಂದಿದ್ದರು. ಹೊಸ ಮೀನು ಬಂದರೆ ಮೊದಲು ಒಂದು ತಿಂಗಳು ಗ್ಯಾರೇಜಿನ ಬೇರೆ ತೊಟ್ಟಿಯಲ್ಲಿ ಇಡಬೇಕು ಎಂದು ನಾನು ಹೇಳಿಟ್ಟಿದ್ದೆ. ತೊಟ್ಟಿಯೂ ಅಲ್ಲಿತ್ತು. ಆಂಟಿ ಅದನ್ನು ನೇರ ದೊಡ್ಡ ಟ್ಯಾಂಕಿಗೇ ಬಿಟ್ಟರು.

"ಹಬ್ಬದ ದಿನ ಮನಿಗೆ ಬಂದವರನ್ನ ಗ್ಯಾರೇಜಿನ್ಯಾಗ ಕೂಡಸೂದೇನು ತಂಗಿ? ಐದು ತಾಸು ಡಬ್ಬ್ಯಾಗ ಕುಂತು ಬಂದೈತಿ ಅದು," ಎಂದರು, ನಾನು ಆಮೇಲೆ ಕೇಳಿದಾಗ.

ಮುಂದಿನ ವಾರ ನಾನು ಹೋದಾಗ ಹಳದಿ ಮೀನು ಸತ್ತು ತಳದಲ್ಲಿ ಬಿದ್ದಿತ್ತು. ಉಳಿದವು ಪಂಪಿನಿಂದ ನೀರು ನುಗ್ಗುವ ಜಾಗದಲ್ಲಿ ಗುಂಪಾಗಿ, ಬಾಯಿ ತೆರೆದು ನಿಂತಿದ್ದವು. ಕಿವಿರುಗಳು ಎಣಿಸಲಾಗದಷ್ಟು ವೇಗವಾಗಿ ಬಡಿದುಕೊಳ್ಳುತ್ತಿದ್ದವು. ಲೈಟ್ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ನೀಲವ್ವನ ಬೆನ್ನಿನ ಮೇಲೆ ಜರಡಿ ಹಿಡಿದಂತೆ ನವಿರಾದ ಬಂಗಾರದ ಧೂಳು. ಬಿಳಿ ಚುಕ್ಕೆ ರೋಗವಾದರೆ ಉಪ್ಪಿನ ಹರಳು ಅಂಟಿದಂತೆ ಕಾಣುತ್ತದೆ, ಮೀನಿಗೂ ನಮಗೂ ಸ್ವಲ್ಪ ಕಾಲಾವಕಾಶ ಕೊಡುತ್ತದೆ. ಇದು ಬೇರೆ. ಇದನ್ನು ವೆಲ್ವೆಟ್ ಎನ್ನುತ್ತಾರೆ. ಇದು ಮೀನಿನ ಉಸಿರಿಗೇ ಕೈ ಹಾಕುತ್ತದೆ.

ಕಾರಿನಲ್ಲಿ ಸದಾ ಇರುವ ಪುಟ್ಟ ಮೈಕ್ರೋಸ್ಕೋಪನ್ನು ಅವರ ಊಟದ ಮೇಜಿನ ಮೇಲೇ ಇಟ್ಟು, ಸತ್ತ ಮೀನಿನ ಕಿವಿರಿನ ಒಂದು ಚೂರನ್ನು ಗಾಜಿನ ಮೇಲಿಟ್ಟು ನೋಡಿದೆ. ಪೇರಳೆ ಹಣ್ಣಿನ ಆಕಾರದ ಕಪ್ಪು ಜೀವಿಗಳು ಸಾಲಾಗಿ ಅಂಟಿಕೊಂಡಿದ್ದವು. ಅಂಕಲ್ ಕೂಡ ಬಗ್ಗಿ ನೋಡಿದರು.

"ಇಷ್ಟ ಸಣ್ಣದು ಅಷ್ಟ ದೊಡ್ಡದನ್ನ ಕೊಲ್ತೈತೇನು?"

"ಇದು ಮೀನಿನ ಮೈಮೇಲೆ ಬೆಳೆದು, ಕೆಳಗೆ ಬಿದ್ದು, ಕಲ್ಲಿಗೋ ಮರಳಿಗೋ ಅಂಟ್ಕೊಂಡು ನೂರಾರು ಮರಿ ಮಾಡುತ್ತೆ ಅಂಕಲ್. ಆ ಮರಿಗಳು ಮತ್ತೆ ಮೀನನ್ನ ಹುಡುಕ್ಕೊಂಡು ಈಜುತ್ತವೆ."

"ಔಷಧ ಹಾಕು ಹಂಗಾರ," ಎಂದರು ಆಂಟಿ.

ಅಲ್ಲೇ ತೊಡಕು. ಇದಕ್ಕೆ ಔಷಧ ತಾಮ್ರ. ಹದವಾದ ಪ್ರಮಾಣದಲ್ಲಿ ಬೆರೆಸಿದರೆ ಪರಾವಲಂಬಿ ಸಾಯುತ್ತದೆ, ಮೀನು ತಡೆದುಕೊಳ್ಳುತ್ತದೆ. ಆದರೆ ಹವಳ, ಸಿಗಡಿ, ಶಂಖದ ಹುಳು ಯಾವುದೂ ತಾಮ್ರಕ್ಕೆ ಬದುಕುವುದಿಲ್ಲ. ಕಲ್ಲು ಅದನ್ನು ಹೀರಿಕೊಂಡು ವರ್ಷಗಟ್ಟಲೆ ನೀರಿಗೆ ಬಿಡುತ್ತಿರುತ್ತದೆ. ಆದ್ದರಿಂದ ಔಷಧವನ್ನು ಟ್ಯಾಂಕಿಗೆ ತರುವಂತಿಲ್ಲ, ಮೀನುಗಳನ್ನೇ ಔಷಧದ ಹತ್ತಿರ ಒಯ್ಯಬೇಕು. ಒಂದು ಮೀನೂ ಉಳಿಯದಂತೆ ಎಲ್ಲವನ್ನೂ ಹಿಡಿದು ಬೇರೆ ತೊಟ್ಟಿಗೆ ಹಾಕಿ, ದೊಡ್ಡ ಟ್ಯಾಂಕನ್ನು ಮೀನಿಲ್ಲದೆ ಸುಮಾರು ಆರು ವಾರ ಹಾಗೇ ಬಿಡಬೇಕು. ಅಂಟಿಕೊಳ್ಳಲು ಮೀನೇ ಸಿಗದಿದ್ದರೆ ಆ ಮರಿಗಳು ತಾವಾಗಿ ಸಾಯುತ್ತವೆ.

ಹವಳದ ಕಲ್ಲುಗಳ ನಡುವೆ ಮೀನು ಹಿಡಿಯುವುದು ಸುಲಭವಲ್ಲ. ಅರ್ಧ ನೀರನ್ನು ಡ್ರಮ್ಮುಗಳಿಗೆ ಇಳಿಸಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟೆ. ಎರಡು ದೊಡ್ಡ ಕಲ್ಲುಗಳ ಮೇಲೆ ಅಂಗಿಯ ಗುಂಡಿಗಳಂಥ, ಪಾಲಿಪ್ ಎಂಬ ಹಸಿರು ಹವಳಜೀವಿಗಳು ಚಾಪೆಯಂತೆ ಹಬ್ಬಿದ್ದವು. ಅವನ್ನು ಎತ್ತುವಾಗ ನಾನು ಉದ್ದನೆಯ ಗ್ಲೌಸು, ಕನ್ನಡಕ ಹಾಕಿಕೊಂಡೆ.

"ಅದಕ್ಯಾಕ ಇಷ್ಟ ಮರ್ಯಾದಿ?" ಎಂದು ಆಂಟಿ ಕೇಳಿದರು.

"ಇದರಲ್ಲಿ ವಿಷ ಇದೆ ಆಂಟಿ. ಬರಿಗೈಯಲ್ಲಿ ಯಾವತ್ತೂ ಮುಟ್ಟಬೇಡಿ. ಕೈಯಲ್ಲಿ ಗಾಯ ಇದ್ದರಂತೂ ಹತ್ತಿರ ಹೋಗಬೇಡಿ."

ಆಂಟಿ ತಲೆಯಾಡಿಸಿದರು. ಅವರು ಆ ಮಾತನ್ನು ಮರೆಯಲಿಲ್ಲ.

ಅಂಕಲ್ ಟಾರ್ಚ್ ಹಿಡಿದು ನಿಂತಿದ್ದರು. ನೀಲವ್ವ ಒಂದು ಬಿರುಕಿನಿಂದ ಇನ್ನೊಂದಕ್ಕೆ ನುಗ್ಗುತ್ತಿತ್ತು.

"ನಾ ಮೂವತ್ತ ವರ್ಷ ಕಲ್ಲಿನ ಬುಡಕ ಎಣ್ಣಿ ಹುಡುಕೇನಿ. ಇಷ್ಟ ಕಷ್ಟ ಇದ್ದಿದ್ದಿಲ್ಲ," ಎಂದರು.

"ಎಣ್ಣಿ ನಿಮ್ಮನ್ನ ನೋಡಿ ಓಡಿ ಹೋಗ್ತಿದ್ದಿಲ್ಲ," ಎಂದರು ಆಂಟಿ. "ಟಾರ್ಚು ನೆಟ್ಟಗ ಹಿಡೀರಿ. ನನ್ನ ಮುಖಕ್ಕ ಹಿಡದ್ರ ಏನ್ ಕಾಣ್ತೈತಿ?"

"ನಿನ್ನ ಮುಖ ಕಾಣ್ತೈತಿ."

ಊಟದ ಕೋಣೆಯ ಇನ್ನೊಂದು ಮೂಲೆಯಲ್ಲಿ ಆಸ್ಪತ್ರೆ ತೊಟ್ಟಿ ಸಿದ್ಧವಾಯಿತು. ಮರಳಿಲ್ಲ, ಕಲ್ಲಿಲ್ಲ, ಬರಿ ಗಾಜು, ಅಡಗಿಕೊಳ್ಳಲು ಪ್ಲಂಬಿಂಗ್ ಅಂಗಡಿಯ ಕೆಲವು ಪೈಪು ತುಂಡು, ಒಂದು ಸ್ಪಂಜಿನ ಫಿಲ್ಟರು, ಹೀಟರು. ಒಂದೊಂದು ಮೀನನ್ನೂ ಮೊದಲು ತೊಟ್ಟಿಯ ನೀರಿನಷ್ಟೇ ಬಿಸಿಯ ಸಿಹಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಆಮೇಲೆ ತೊಟ್ಟಿಗೆ ಬಿಟ್ಟೆ. ತಾಮ್ರವನ್ನು ಒಮ್ಮೆಗೇ ಹಾಕುವ ಹಾಗಿಲ್ಲ. ಎರಡು ದಿನ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ನೀರು ಪರೀಕ್ಷಿಸಿ, ಬೇಕಾದ ಮಟ್ಟಕ್ಕೆ ತಂದು ಅಲ್ಲಿಗೇ ನಿಲ್ಲಿಸಬೇಕು. ಸ್ವಲ್ಪ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಸ್ವಲ್ಪ ಹೆಚ್ಚಾದರೆ ಮೀನು ಸಾಯುತ್ತದೆ.

ಪುಟ್ಟ ಮೀನುಗಳು ಆ ವಾರವೇ ಹೋದವು. ಕ್ಲೌನ್ ಜೋಡಿಯಲ್ಲಿ ದೊಡ್ಡದು ಹೋಯಿತು. ಆಂಟಿ ಅದನ್ನು ಒಂದು ಎಲೆಯಲ್ಲಿ ಸುತ್ತಿ ಹಿತ್ತಲಿನ ಕರಿಬೇವಿನ ಕುಂಡದಲ್ಲಿ ಹೂತರು. ನೀಲವ್ವ ಪೈಪಿನೊಳಗೆ ಒರಗಿಕೊಂಡು ಮಲಗಿತ್ತು, ಏನೂ ತಿನ್ನಲಿಲ್ಲ. ಒಣಗಿಸಿದ ಕಡಲ ಪಾಚಿಯನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕ್ಲಿಪ್ಪಿಗೆ ಸಿಕ್ಕಿಸಿ ಇಟ್ಟು ನೋಡಿ ಎಂದು ಹೇಳಿದ್ದೆ. ಒಂದು ಬೆಳಿಗ್ಗೆ ಅಂಕಲ್ ಫೋನ್ ಮಾಡಿದರು.

"ಇಕೀ ಮಾತಾಡೂ ಸ್ಥಿತಿಯಾಗ ಇಲ್ಲ, ಅದಕ್ಕ ನಾ ಹೇಳಾಕತ್ತೀನಿ. ನೀಲವ್ವ ಉಂಡಳು."

ಹಿಂದಿನಿಂದ ಆಂಟಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ಕಲ್ಲು, ನೀರು ಮರಳಿ ತುಂಬಿದ ದೊಡ್ಡ ಟ್ಯಾಂಕು ಮೀನಿಲ್ಲದೆ, ಲೈಟು ಪಂಪುಗಳೊಂದಿಗೆ ತನ್ನ ಪಾಡಿಗೆ ನಡೆದಿತ್ತು. ನಾಲ್ಕು ವಾರ ಕಳೆದ ಮೇಲೆ ಆಂಟಿಯ ಫೋನ್ ಬಂತು. ದನಿ ಹಿಗ್ಗಿನಿಂದ ನಡುಗುತ್ತಿತ್ತು.

"ತಂಗಿ, ಒಂದ ಜೀವ ಉಳದೈತಿ ನೋಡು. ಕಲ್ಲಿನ ಸಂದ್ಯಾಗಿಂದ ಹೊರಗ ಬಂದು ನನ್ನ ನೋಡಿ ಒಳಗ ಹೋತು. ಇಷ್ಟ ಉದ್ದ ಐತಿ, ಬೆರಳಿನಷ್ಟ."

ಅದು ಗೋಬಿ ಎಂಬ ಪುಟ್ಟ ಜಾತಿಯ ಮೀನು. ಎಲ್ಲಾ ಕಲ್ಲುಗಳನ್ನೂ ಎತ್ತಿ ನೋಡಿದ್ದರೂ ಯಾವುದೋ ಕಲ್ಲಿನ ಕೊಳವೆಯೊಳಗೇ ಕೂತು ನಮ್ಮ ಕಣ್ಣು ತಪ್ಪಿಸಿತ್ತು. ಅಷ್ಟೂ ದಿನ ಅದರ ಮೈಮೇಲೆ ರೋಗ ಬದುಕಿಕೊಂಡಿರಬಹುದು. ಒಂದು ಮೀನಿದ್ದರೂ ಲೆಕ್ಕವೆಲ್ಲ ಮೊದಲಿನಿಂದ. ಅದನ್ನು ಆಂಟಿಗೆ ಬಿಡಿಸಿ ಹೇಳಿದೆ.

"ಬದುಕಿದ್ದು ತಪ್ಪಾತೇನು ಪಾಪ ಅದರದು?" ಎಂದರು ಆಂಟಿ, ನಾನು ಹೇಳಿ ಮುಗಿಸಿದ ಮೇಲೆ.

ಬಾಟಲಿಯ ಬಲೆ ಇಟ್ಟು ಗೋಬಿಯನ್ನು ಹಿಡಿದು ತಾಮ್ರದ ತೊಟ್ಟಿಗೆ ಸೇರಿಸಿದೆ. ಹೊಸದಾಗಿ ಆರು ವಾರ ಎಂದರೆ ದೀಪಾವಳಿ ದಾಟುತ್ತಿತ್ತು. ಆಂಟಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ನೋಡಿದರು.

"ಹಬ್ಬಕ್ಕ ಮಗಳು ಬರ್ತಾಳ. ಆಕಿ ಬರೂದ್ರಾಗ ನೀಲವ್ವ ತನ್ನ ಮನ್ಯಾಗ ಇರ್ತಾಳ ಅಂತ ಮಾಡಿದ್ದೆ."

"ಇನ್ನು ಸ್ವಲ್ಪ ದಿನ ಆಂಟಿ. ಟ್ಯಾಂಕಿಗೆ ಏನೂ ಮಾಡಬೇಡಿ, ಹಾಗೇ ಬಿಡಿ."

"ಬಿಡ್ತೀನಿ ಬಿಡು," ಎಂದರು.

ದೀಪಾವಳಿಯ ಮೊದಲ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಮನೆಯಲ್ಲಿರುವ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಅರಿಶಿನ ಕುಂಕುಮ ಹಚ್ಚಿ ಇಡುತ್ತಾರೆ. ಮರುದಿನ ಬೆಳಿಗ್ಗೆ ಎಣ್ಣೆ ಸ್ನಾನ. ನನ್ನ ಮನೆಯಲ್ಲಿ ನಾನು ಒಂದು ಬಕೆಟ್ಟಿಗೆ ಕುಂಕುಮ ಹಚ್ಚಿ ಮುಗಿಸುತ್ತೇನೆ. ಆಂಟಿ ಹಾಗಲ್ಲ. ಧಾರವಾಡದಿಂದ ತಂದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಫಿಲ್ಟರು, ಬಿಂದಿಗೆ, ಫ್ರಿಜ್ಜಿನ ಬಾಟಲಿಗಳವರೆಗೆ ಎಲ್ಲವನ್ನೂ ತೊಳೆಯುವವರು. ಅವರ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ನೀರಿನ ಪಾತ್ರೆ ಯಾವುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವರು ಯೋಚಿಸಿದ್ದು ಹೀಗೆ. ಆಮೇಲೆ ಅವರೇ ಹೇಳಿದರು. ಹಬ್ಬದ ದಿನ ಮನೆಯೊಳಗೆ ರೋಗದ ಹಳೇ ನೀರು ಇಟ್ಟುಕೊಳ್ಳುವುದು ಸರಿಯಲ್ಲ. ಹೇಗೂ ಮೀನಿಲ್ಲ. ಕಲ್ಲಿಗೆ ಅಂಟಿದ ಹುಳ ಕುದಿಯುವ ನೀರಿಗೆ ಉಳಿಯುವುದಿಲ್ಲ. ಕಲ್ಲು ತೊಳೆದು, ಹೊಸದಾಗಿ ಉಪ್ಪುನೀರು ಬೆರೆಸಿ ತುಂಬಿದರೆ, ಸಂಜೆ ಮಗಳು ಬರುವಷ್ಟರಲ್ಲಿ ನೀಲವ್ವನನ್ನು ತಂದು ಬಿಡಬಹುದು. ಪರಾವಲಂಬಿಯ ಮಟ್ಟಿಗೆ ಅವರ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದು ನಿಜವಾಗಿಯೂ ಸಾಯುತ್ತಿತ್ತು.

ಆ ಮಧ್ಯಾಹ್ನ ತೊಟ್ಟಿಯ ತಾಮ್ರದ ಮಟ್ಟ ನೋಡಲು ನಾನು ಹೋದೆ. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಅಂಕಲ್ ಬಾಗಿಲು ತೆರೆದರು.

"ಬಾರವ್ವಾ. ಮುಂಜಾನಿಂದ ನಾನೂ ಒಂದ ಕಡೆ ಕುಂತಿಲ್ಲ. ಕುಂತ್ರ ನನ್ನೂ ತೊಳದು ಕುಂಕಮ ಹಚ್ಚತಾಳ."

"ಆಂಟಿ ಎಲ್ಲಿ?"

"ಗ್ಯಾರೇಜಿನ್ಯಾಗ. ಕಲ್ಲು ತೊಳ್ಯಾಕತ್ತಾಳ."

ನಾನು ಊಟದ ಕೋಣೆಯ ಕಡೆ ತಿರುಗಿ ನೋಡಿದೆ. ದೊಡ್ಡ ಟ್ಯಾಂಕಿನಲ್ಲಿ ಅರ್ಧ ನೀರಿತ್ತು. ಹಸಿರು ಗುಂಡಿಗಳ ಎರಡೂ ಕಲ್ಲು ಅಲ್ಲಿರಲಿಲ್ಲ.

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲನ್ನು ಸ್ವಲ್ಪ ತೆರೆದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಇಳಿತದ ಹೊತ್ತಿನ ಕಡಲ ದಂಡೆಯನ್ನು ಕುದಿಸಿದಂಥ ವಾಸನೆ. ಸೊಳ್ಳೆ ಬರುತ್ತವೆಂದು ಕಾರು ಒಳಬರುವ ದೊಡ್ಡ ಬಾಗಿಲು ಮುಚ್ಚಿತ್ತು. ಒಗ್ಗರಣೆಯ ವಾಸನೆ ಮನೆಗೆ ಹತ್ತಬಾರದೆಂದು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದ ಎಲೆಕ್ಟ್ರಿಕ್ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಆಚೆ ತುದಿಯಲ್ಲಿ, ಮುಚ್ಚಿದ ದೊಡ್ಡ ಬಾಗಿಲಿನ ಹತ್ತಿರ, ಆಂಟಿ ಮಣೆಯ ಮೇಲೆ ಕೂತಿದ್ದರು. ಮುಂದೆ ಪ್ಲಾಸ್ಟಿಕ್ ತೊಟ್ಟಿ, ಅದರೊಳಗೆ ಹಬೆಯಾಡುವ ನೀರಿನಲ್ಲಿ ಕಲ್ಲು, ಕೈಯಲ್ಲಿ ಬ್ರಶ್ಶು. ಮೊಣಕೈವರೆಗೆ ಬರುವ ಗ್ಲೌಸನ್ನು ಎರಡೂ ಕೈಗೆ ಹಾಕಿಕೊಂಡಿದ್ದರು. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಆ ವಿಷ ಹಬೆಯ ಜೊತೆ ಗಾಳಿಗೆ ಏರುತ್ತದೆ ಎಂಬುದನ್ನು ಊಹಿಸಲು ಅವರಿಗೆ ಕಾರಣವಿರಲಿಲ್ಲ. ಕಲ್ಲಿಗೆ ಯಾರಾದರೂ ಕುದಿಯುವ ನೀರು ಸುರಿದು ಉಜ್ಜಿಯಾರು ಎಂದು ಊಹಿಸಲು ನನಗೂ ಇರಲಿಲ್ಲ.

ಅವರು ಕೆಮ್ಮುತ್ತಿದ್ದರು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

"ಬಾಯೆಲ್ಲಾ ಕಬ್ಬಣ ನೆಕ್ಕಿದಂಗ ಆಗೈತಿ ತಂಗಿ. ಏಳೂಣಂದ್ರ ಕಾಲು..."

ಎದ್ದು ನಿಲ್ಲಲು ನೋಡಿದರು. ಆಗಲಿಲ್ಲ. ಮತ್ತೆ ಮಣೆಯ ಮೇಲೆ ಕುಸಿದು ನನ್ನ ಕಡೆ ಒಂದು ಕೈ ಚಾಚಿದರು.

ನನ್ನ ಬೆನ್ನಿಗೇ ಅಂಕಲ್ ಬಂದು ನಿಂತಿದ್ದರು. "ಏನಾತು? ಏನಾತು ಆಕಿಗೆ?" ಎನ್ನುತ್ತಾ ನನ್ನನ್ನು ಸರಿಸಿ ಒಳಗೆ ಹೋಗಲು ನೋಡಿದರು. ಅವರ ಉಸಿರಿನಲ್ಲಿ ಆಗಲೇ ಸಿಳ್ಳೆಯಂಥ ಸದ್ದಿತ್ತು. ಬಾಗಿಲು ತೆರೆದಿದ್ದಷ್ಟೂ ಹಬೆ ಮನೆಯೊಳಗೆ ಬರುತ್ತಿತ್ತು. ನಾನು ಕೈ ಮಾತ್ರ ಒಳಗೆ ಹಾಕಿ, ಗೋಡೆಯ ಮೇಲಿನ ಗುಂಡಿ ಒತ್ತಿದೆ. ದೊಡ್ಡ ಬಾಗಿಲು ಮೇಲೇಳುವ ಮೋಟಾರಿನ ಸದ್ದು ಕೇಳಿಸಿತು. ಕೈ ಚಾಚಿಕೊಂಡೇ ಇದ್ದ ಆಂಟಿಯ ಮುಖದ ಎದುರಿಗೇ ಅಡುಗೆಮನೆಯ ಬಾಗಿಲನ್ನು ಮುಚ್ಚಿದೆ.

ನೆನಪಿನಲ್ಲಿ ನಾನು ದಿನಕ್ಕೆ ಎಷ್ಟು ಸಲ ಇಲ್ಲಿಗೆ ಬಂದು ನಿಲ್ಲುತ್ತೇನೋ ಗೊತ್ತಿಲ್ಲ. ಕಾರು ಓಡಿಸುವಾಗ, ಬೇರೆಯವರ ಮನೆಯ ಟ್ಯಾಂಕಿನ ಗಾಜು ಒರೆಸುವಾಗ. ಬಾಗಿಲು ಮುಚ್ಚುವಾಗ ಆಂಟಿಯ ಮುಖದಲ್ಲಿ ಏನಿತ್ತು ಎಂದು ನೋಡಲು ಪ್ರಯತ್ನಿಸುತ್ತೇನೆ. ನನ್ನ ಬುದ್ಧಿ ಸರಿಯಾದದ್ದನ್ನೇ ಮಾಡಿತು ಎಂದು ಎಲ್ಲರೂ ಹೇಳಿದರು. ಚಾಚಿದ್ದ ಆ ಕೈಗೆ ಅದು ಗೊತ್ತಿರಲಿಲ್ಲ.

ಅಂಕಲ್ ತೋಳು ಹಿಡಿದು ಮುಂಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂದು, "ಇಲ್ಲೇ ಹುಲ್ಲಿನ ಮೇಲೆ ನಿಂತಿರಿ, 911ಗೆ ಫೋನ್ ಮಾಡಿ. ಕೋರಲ್ ಪಾಯ್ಸನ್, ಉಸಿರಲ್ಲಿ ಹೋಗಿದೆ ಅಂತ ಹೇಳಿ," ಎಂದು ಗ್ಯಾರೇಜಿನ ಕಡೆ ಓಡಿದೆ. ದೊಡ್ಡ ಬಾಗಿಲು ಸೊಂಟದವರೆಗೆ ಏರಿತ್ತು. ಅದರ ಕೆಳಗಿನಿಂದ ಹಬೆ ಹೊರಗೆ ಉರುಳುತ್ತಿತ್ತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಆಂಟಿಯ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಂದಕ್ಕೆ ಎಳೆದುಕೊಂಡು ಡ್ರೈವ್‌ವೇಗೆ ತಂದೆ. ಮತ್ತೊಮ್ಮೆ ಉಸಿರು ಹಿಡಿದು ಹೋಗಿ ಒಲೆ ಆರಿಸಿ ಬಂದೆ. ಆ ಎರಡನೇ ಸಲ ಬಾಗಿಲ ಹತ್ತಿರ ಉಸಿರು ತಡೆಯಲಾಗದೆ ಒಂದು ಸಲ ಎಳೆದುಕೊಂಡೆ.

ತೋಟದ ಪೈಪಿನಿಂದ ಅವರ ಮುಖ, ಕೈ, ಕೂದಲಿಗೆ ನೀರು ಬಿಟ್ಟೆ. ಬಟ್ಟೆಗೂ ಬಿಟ್ಟೆ.

"ನಡುಬೀದ್ಯಾಗ... ನೈಟಿ ಮ್ಯಾಲ..." ಎಂದು ಆಂಟಿ ನನ್ನ ಕೈ ತಳ್ಳಿದರು. "ಮಂದಿ ನೋಡ್ತಾರ."

"ನೋಡಲಿ ಆಂಟಿ. ಮಾತಾಡಬೇಡಿ."

ಅಂಕಲ್ ಫೋನನ್ನು ಕಿವಿಗೆ ಹಿಡಿದುಕೊಂಡೇ ತಮ್ಮ ಮೈಮೇಲಿದ್ದ ಶಾಲನ್ನು ತೆಗೆದು, ನಾವು ಇದ್ದಲ್ಲಿಗೆ ಎಸೆದರು. ನಾನು ಅದನ್ನು ಆಂಟಿಗೆ ಹೊದಿಸಿದೆ. ಅವರ ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಕುತ್ತಿಗೆಯ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

ಆಂಬುಲೆನ್ಸಿನವರು ಬಂದು ಆಮ್ಲಜನಕದ ಮಾಸ್ಕ್ ಹಾಕಿದರು. ಅಗ್ನಿಶಾಮಕದವರು ಗ್ಯಾರೇಜಿನ ಸುತ್ತ ಹಳದಿ ಟೇಪು ಕಟ್ಟಿ, ಮನೆಯ ಎಸಿ ಆರಿಸಿ, ಎಲ್ಲ ಕಿಟಕಿ ತೆರೆದರು. ಎಮರ್ಜೆನ್ಸಿಯಲ್ಲಿ ಡಾಕ್ಟರು ನಾನು ಹೇಳಿದ್ದನ್ನು ನಿಂತು ಕೇಳಿಸಿಕೊಂಡು, ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿಸಿದರು. ಬಂದ ಉತ್ತರ ನನಗೆ ಗೊತ್ತಿದ್ದದ್ದೇ. ಈ ವಿಷಕ್ಕೆ ಪ್ರತಿವಿಷ ಇಲ್ಲ. ಉಸಿರಿಗೆ ಆಸರೆ ಕೊಟ್ಟು, ಹೃದಯದ ಬಡಿತ ನೋಡಿಕೊಂಡು, ಅದು ಮೈಯಿಂದ ಇಳಿಯುವವರೆಗೆ ಕಾಯಬೇಕು. ನೆಬ್ಯುಲೈಸರ್, ಸ್ಟೆರಾಯ್ಡ್, ಆಮ್ಲಜನಕ. ಆಂಟಿ ಚಳಿಜ್ವರ ಬಂದು ಮಂಚ ಅಲುಗುವಷ್ಟು ನಡುಗಿದರು. ನನ್ನನ್ನೂ ಪಕ್ಕದ ಕೋಣೆಯಲ್ಲಿ ಮಲಗಿಸಿ ನೋಡಿಕೊಂಡರು. ಎದೆ ಬಿಗಿತ, ಮೈಕೈ ನೋವು, ಅಷ್ಟೇ. ಅಂಕಲ್‌ಗೆ ಇನ್‌ಹೇಲರ್ ಸಾಕಾಯಿತು.

ಸಂಜೆ ಮಗಳು ಆಸ್ಟಿನ್‌ನಿಂದ ನೇರ ಆಸ್ಪತ್ರೆಗೆ ಬಂದಳು. ಹಬ್ಬಕ್ಕೆಂದು ತಂದ ಸಿಹಿಯ ಚೀಲವನ್ನು ಯಾಕೆಂದು ಗೊತ್ತಿಲ್ಲದೆ ಕಾರಿನಿಂದ ಕೈಯಲ್ಲೇ ಹಿಡಿದು ಬಂದಿದ್ದಳು. ಗಾಜಿನ ಆಚೆ ತಾಯಿಯನ್ನು ನೋಡಿದಳು. ಆಮೇಲೆ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದಳು.

"ಗೆಟ್ ಇಟ್ ಔಟ್ ಆಫ್ ದಟ್ ಹೌಸ್. ಆಲ್ ಆಫ್ ಇಟ್. ದ ಫಿಶ್ ಟೂ," ಎಂದಳು. ದನಿ ಏರಿರಲಿಲ್ಲ. "ಇಟ್ ವಾಸ್ ಮೈ ಟ್ಯಾಂಕ್. ಐ ಶುಡ್ ಹ್ಯಾವ್ ಟೇಕನ್ ಇಟ್."

ಅಂಕಲ್ ಗೋಡೆಗೆ ಒರಗಿ ಕೂತಿದ್ದರು. "ಕಲ್ಲು ಒಗೀರಿ," ಎಂದರು. "ಮೀನಿನ ಮಾತು ಆಕಿ ಎದ್ದ ಮ್ಯಾಲ. ಆಕಿ ಕೇಳಿದ್ರ ನಾ ಏನ್ ಹೇಳಲಿ?"

ಮಗಳು ತಂದೆಯ ಪಕ್ಕ ಕೂತು ಅವರ ಭುಜಕ್ಕೆ ತಲೆ ಇಟ್ಟಳು. ಮೀನುಗಳನ್ನು ಸದ್ಯಕ್ಕೆ ನನ್ನ ಅಪಾರ್ಟ್‌ಮೆಂಟಿಗೆ ಒಯ್ಯುತ್ತೇನೆ ಎಂದೆ. ಇಬ್ಬರೂ ಒಪ್ಪಿದರು.

ಮಾಸ್ಕು, ಕನ್ನಡಕ, ಮೈ ಮುಚ್ಚುವ ಉಡುಪು ಹಾಕಿಕೊಂಡು ಮತ್ತೆ ಆ ಗ್ಯಾರೇಜಿಗೆ ಕಾಲಿಟ್ಟಾಗ ಎಲ್ಲವೂ ಬಿಟ್ಟಲ್ಲೇ ಇತ್ತು. ಮಣೆ ಮಗುಚಿ ಬಿದ್ದಿತ್ತು. ಕಲ್ಲುಗಳನ್ನು ತಣ್ಣೀರಿನಲ್ಲಿ ಮುಳುಗಿದಂತೆಯೇ ಇಟ್ಟು, ತೆರೆದ ಹಿತ್ತಲಿಗೆ ಸಾಗಿಸಿ, ಬ್ಲೀಚ್ ಹಾಕಿ ನೆನೆಯಲು ಬಿಟ್ಟೆ. ಉಜ್ಜಲಿಲ್ಲ, ಬಿಸಿ ಮಾಡಲಿಲ್ಲ. ನೆಲವನ್ನೂ ಬ್ರಶ್ಶನ್ನೂ ಬ್ಲೀಚಿನಿಂದ ಒರೆಸಿದೆ. ಹಸಿರು ಗುಂಡಿಗಳು ಬಿಳುಚಿ ಕರಗಿದ ಮೇಲೆ ಎಲ್ಲವನ್ನೂ ಎರಡು ಪದರ ಚೀಲದಲ್ಲಿ ಕಟ್ಟಿ, ವಿಷವಸ್ತು ತೆಗೆದುಕೊಳ್ಳುವ ಕೇಂದ್ರಕ್ಕೆ ತಲುಪಿಸಿದೆ. ಊಟದ ಕೋಣೆಯ ದೊಡ್ಡ ಟ್ಯಾಂಕನ್ನು ಬರಿದು ಮಾಡಿ ಒಣಗಿಸಿದೆ. ಬೆಳಗಿದ ಹಂಡೆ ಅಡುಗೆಮನೆಯಲ್ಲಿ ಹಾಗೇ ಇತ್ತು. ತುಂಬಿದ ನೀರನ್ನು ಯಾರೂ ಬಳಸಿರಲಿಲ್ಲ. ಅದನ್ನು ಚೆಲ್ಲಲು ನನಗೆ ಮನಸ್ಸು ಬರಲಿಲ್ಲ, ಇಡಲೂ ಬರಲಿಲ್ಲ. ಕೊನೆಗೆ ಕರಿಬೇವಿಗೆ ಹಾಕಿದೆ.

ಆಂಟಿ ನಾಲ್ಕನೇ ದಿನ ಮಾಸ್ಕ್ ಇಲ್ಲದೆ ಉಸಿರಾಡಿದರು. ಮನೆಗೆ ಬಂದ ಮೇಲೂ ಕೆಲವು ವಾರ ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕಾಗಿತ್ತು. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾ ಜೊತೆಗಿದ್ದಳು. ನಾನು ದಿನವೂ ಫೋನ್ ಮಾಡುತ್ತಿದ್ದೆ, ಆದರೆ ಹೋಗಲಿಲ್ಲ. ಆ ಮನೆಯ ಅಡುಗೆಮನೆಯ ಬಾಗಿಲನ್ನು ನೋಡಬೇಕಲ್ಲ ಎನ್ನಿಸುತ್ತಿತ್ತು. ಉಳಿದ ಮನೆಗಳ ಕೆಲಸಕ್ಕೆ ಹೋಗುತ್ತಿದ್ದೆ. ಯಾರದಾದರೂ ಟ್ಯಾಂಕಿನಲ್ಲಿ ಹಸಿರು ಗುಂಡಿಗಳು ಕಂಡರೆ ಮನೆಯ ಎಲ್ಲರನ್ನೂ ಕೂರಿಸಿ, ಗ್ಲೌಸಿನ ಜೊತೆ ಬಿಸಿನೀರಿನ ಮಾತನ್ನೂ ಹೇಳುತ್ತಿದ್ದೆ. ಎರಡೆರಡು ಸಲ ಹೇಳುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಅವರೇ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಮಗಳು ಡ್ರೈವ್ ಮಾಡಿಕೊಂಡು ಬಂದಿದ್ದಳು. ಅಂಕಲ್ ಕೈಯಲ್ಲಿ ಚಪಾತಿ, ಬದನೆಕಾಯಿ ಪಲ್ಯದ ಡಬ್ಬಿ. ಆಂಟಿ ಸೊರಗಿದ್ದರು. ದನಿ ಒಡೆದಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಒಳಗ ಕರಿ. ಇಲ್ಲಾ ನಮ್ಮನ್ನೂ ಒಂದ ತಿಂಗಳು ಹೊರಗ ನಿಲ್ಲಸ್ತೀಯೇನು? ನಿನ್ನ ರೂಲ್ಸು ಭಾಳ ಕಡಕ್ ಅದಾವು," ಎಂದರು ಅಂಕಲ್.

ನೀಲವ್ವ ಚೇತರಿಸಿಕೊಂಡಿತ್ತು. ತಾಮ್ರ ನಿಲ್ಲಿಸಿ ಬಹಳ ದಿನವಾಗಿತ್ತು. ಆಂಟಿ ಗಾಜಿನ ಹತ್ತಿರ ಕೂತರು. ಮೀನು ಪೈಪಿನಿಂದ ಹೊರಬಂದು ಅವರ ಮುಂದೆ ಅತ್ತಿಂದಿತ್ತ ಓಡಾಡಿತು. ಗುರುತು ಹಿಡಿಯಿತೋ, ಊಟ ಬಂತೆಂದುಕೊಂಡಿತೋ ನನಗೆ ತಿಳಿಯದು. ಕ್ಲೌನ್ ಮೂಲೆಯಲ್ಲಿತ್ತು. ಗೋಬಿ ತಲೆ ಮಾತ್ರ ಹೊರಗೆ ಹಾಕಿತ್ತು.

ಮಗಳು ತಟ್ಟೆ ತರಲು ಅಡುಗೆಮನೆಗೆ ಹೋದಳು. ಆಂಟಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಆವತ್ತಿಂದು ನಂಗ ಅರ್ಧಕ್ಕರ್ಧ ನೆನಪಿಲ್ಲ. ಇವ್ರನ್ನ ಕೇಳಿದ್ರ ಕಣ್ಣಾಗ ನೀರು ತರ್ತಾರ. ಮಗಳು ಮಾತು ಬ್ಯಾಡಂತಾಳ. ನೀ ಹೇಳು."

ನಾನು ಹೇಳಲು ಶುರು ಮಾಡಿದೆ. ಅಂಕಲ್ ಬಾಗಿಲು ತೆರೆದದ್ದು, ಟ್ಯಾಂಕಿನಲ್ಲಿ ಕಲ್ಲು ಇಲ್ಲದ್ದು, ಹಬೆ, ಮಣೆ, ಗ್ಲೌಸು. ಅವರು ಏಳಲು ನೋಡಿದ್ದು, ಕೈ ಚಾಚಿದ್ದು.

"ಆಮ್ಯಾಲೆ?"

"ನಾನು ಗುಂಡಿ ಒತ್ತಿದೆ. ಆಮೇಲೆ ಬಾಗಿಲು..." ಎಂದೆ. ನನ್ನ ಬಾಯಿ ತೆರೆದೇ ಇತ್ತು. ನೀಲವ್ವ ಗಾಜಿನ ಆಚೆ ಒಂದು ಸುತ್ತು ಹೋಗಿ ಬಂತು.

ಆಂಟಿ ನನ್ನ ಕೈ ಹಿಡಿದು ತಮ್ಮ ಮಡಿಲಿಗೆ ಎಳೆದುಕೊಂಡರು.

"ಬಾಗಲಾ ಹಾಕಿದಿ. ಅದು ನಂಗ ನೆನಪೈತಿ," ಎಂದರು. "ಇವ್ರು ನಿನ್ನ ಹಿಂದ ನಿಂತಿದ್ರು. ಹಾಕಿದ್ಯಲಾ, ಇವ್ರು ಉಳದ್ರು ಅಂತ ಅನಿಸ್ತು ನಂಗ. ಆಮ್ಯಾಲೆ ನೀ ಆ ಕಡಿಂದ ಬಂದಿ. ನಾ ಹೊರಗ ಬಂದೆ. ಅಷ್ಟ."

ಮಗಳು ತಟ್ಟೆಗಳನ್ನು ತಂದಿಟ್ಟಳು. ಆಂಟಿ ನನ್ನ ಕೈ ಬಿಡದೆ, ಎಡಗೈಯಲ್ಲೇ ಡಬ್ಬಿಯ ಮುಚ್ಚಳ ತೆಗೆದರು.